ಕೈಯೇ ಕರೆಂಟು

ಅಲ್ಲ ರವಿತೇಜ, ನಗಬೇಡ. ಹಾಡು ಬೇಡ ಅಂತ ನಾನೆಲ್ಲಿ ಅಂದೆ? ಹಾಡು ಇರ್ಲಿ. ಆ ಒಂದು ಸಾಲು ಮಾತ್ರ ತೆಗಿ ಅಂದೆ. ಇಷ್ಟು ಹೇಳೋಕೆ ಮೊಳಕಾಲ್ಮೂರಿಂದ ಚಳ್ಳಕೆರೆಗೆ ಬಸ್ ಹತ್ತಿ ಬಂದೆಯಾ ಮಾವ ಅಂತೀಯೇನೋ. ಇವತ್ತು ಅಮಾಸೆ, ಮಗ್ಗ ಮುಟ್ಟೋ ಹಾಗಿಲ್ಲ. ಬಂದೆ.

ಕೂತ್ಕೋತೀನಿ ಇರು... ಏನೋ ಇದು, ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸೀಯಾ! ಸ್ಟುಡಿಯೋ ಅಂದ್ರೆ ಇದೇನಾ? ಇರ್ಲಿ, ಇರ್ಲಿ. ಮೂಲೇಲಿ ಚೌಡೇಶ್ವರಿ ತಾಯಿ ಪಟ ಇಟ್ಟಿದೀಯಲ್ಲ, ಸಾಕು. ನಿಮ್ಮವ್ವ ಗಂಗಲಕ್ಷ್ಮಿ ಓಣಿಗೆಲ್ಲ ಹೇಳ್ಕೊಂಡು ತಿರುಗ್ತಾಳೆ. 'ನನ್ನ ಮಗಂದು ಮೊದಲನೇ ಆಲ್ಬಂ, ಯಾವ ಕಂಪನಿ ಹಂಗೂ ಇಲ್ಲ, ಬರೆದಿದ್ದೂ ಅವನೇ ಹಾಡಿದ್ದೂ ಅವನೇ, ಶುಕ್ರವಾರ ಎಲ್ಲರ ಫೋನಿಗೂ ಬರುತ್ತೆ' ಅಂತ. ನನಗೆ ಈ ರ‍್ಯಾಪು ತಿಳಿಯಲ್ಲಪ್ಪ. ಉಸಿರು ತಗೊಳ್ದೆ ಜಗಳಾಡಿದಂಗೆ ಕೇಳುತ್ತೆ... ಯಾಕೆ, ಸುಳ್ಳಾ? ನಿಮ್ಮವ್ವ ನಲ್ಲಿ ಹತ್ರ ಹಾಡ್ತಿದ್ದಿದ್ದು ಇದೇ ರಾಗ. ರಕ್ತದಲ್ಲೇ ಬಂದೈತೆ ಬಿಡು.

ಆ ಸಾಲು... 'ನಮ್ಮ ಮಾವನ ಮನೇಲಿ ಕೈಯೇ ಕರೆಂಟು.' ಚೆನ್ನಾಗೈತೆ. ಆದ್ರೆ ಮನುಷ್ಯ ತನ್ನ ಕೈಯನ್ನ ತಾನು ಹೊಗಳ್ಕೋಬಾರದು. ಆ ಕೈ ಕೊಟ್ಟೋಳು ತಾಯಿ ಚೌಡೇಶ್ವರಿ. ಆಕೆ ಮುಂದೆ ಜಂಬ ನಡಿಯಲ್ಲ...

ಹೌದಪ್ಪ, ಹೊಗಳಿದ್ದು ನೀನು, ನಾನಲ್ಲ. ಎರಡೂ ಒಂದೇ, ಒಂದೇ ಮನೆ ಮಾತು. ಮತ್ತೆ ಊರು ಅಂತ ಒಂದೈತೆ. ನೆರೆಯವರಿಗೆ ಚುಚ್ಚಿದಂಗಾಗುತ್ತೆ. ಕೆಲವರು ಕರೆಂಟ್ ಮಗ್ಗದಲ್ಲಿ ನೇಯ್ಸಿ, ಕೈಮಗ್ಗದ ಸೀರೆ ಅಂತ ಮಾರ್ತಾರಂತೆ. ಅಂತೆ. ಅವರೂ ನಮ್ಮವರೇ, ಅವರಿಗೂ ಹೊಟ್ಟೆ ಐತೆ. ಮದುವೆ ಕಾಲ ಬಂದ್ರೆ ಅಂಗಡಿಯೋರು ಕುತ್ತಿಗೆ ಮೇಲೆ ಕೂತ್ಕೋತಾರೆ, ಇರೋ ಎರಡು ಕೈಯಲ್ಲಿ ಎಷ್ಟು ಅಂತ ನೇಯ್ಬೇಕು... ಅವರ ಪಾಡು ಹೇಳ್ತಿದೀನಿ. ನಾಳೆ ನಿನ್ನ ಹಾಡು ಕೇಳಿ, ಆ ಕೈ ನೋಡ್ಬೇಕು, ಆ ಮನೆ ನೋಡ್ಬೇಕು ಅಂತ ಯಾರಾದ್ರೂ ಬಾಗಿಲಿಗೇ ಬಂದ್ರೆ?

ಬರ್ಲಿ ಅಂದ್ರೆ! ಹಾಗ್ಯಾಕೆ ನೋಡ್ತೀಯಾ ನನ್ನ? ಹಿತ್ತಲ ಶೆಡ್ಡಲ್ಲಿ ಏನೈತೆ ಅಂತ ಆವತ್ತೇ ಹೇಳಿದೀನಿ. ಶೇಂಗಾ ಹೊಟ್ಟು. ದನಕ್ಕೆ. ಹೊಟ್ಟಿಗೆ ಯಾರಾದ್ರೂ ಬೀಗ ಹಾಕ್ತಾರಾ ಅಂತ ಕೇಳಬೇಡ, ಕಾಲ ಕೆಟ್ಟೈತೆ.

ಮಗ್ಗದ ಶಬ್ದ ಬೇಕು ಅಂದೆ, ಕೊಟ್ಟೆನೋ ಇಲ್ವೋ? ನೇಯೋವಾಗ ಎದುರಿಗೆ ಯಾರೂ ಕೂರಬಾರದು, ನಿನ್ನ ರೆಕಾರ್ಡಿಂಗ್ ಡಬ್ಬಿ ಬಿಟ್ಟು ಹೋಗು ಅಂದೆ. ನೀನು ಹೋದ್ಮೇಲೆ ಕದ ಹಾಕಿ, ಅದರ ಕೆಂಪು ಬಟನ್ ಒತ್ತಿ, ಗುಂಡಿ ಮಗ್ಗಕ್ಕೆ ಇಳಿದು ನೇಯ್ದೆ. ಕಾಗೆ ಕೂಡ ಕೂಗ್ಲಿಲ್ಲ. ಅಷ್ಟು ನಿಶ್ಶಬ್ದ...

ಏನು? ಈಗಲೇ ಕೇಳ್ಬೇಕಾ? ಕೊಡು... ಕಿವಿಗೆ ಹೀಗಾ?

ಆಹಾ! ಲಾಳಿ ನೋಡೋ... ಹೋಯ್ತು, ಬಂತು... ಹೋಯ್ತು, ಬಂತು. ಇಲ್ಲಿ ಎಳೆ ಹರೀತು. ನಿಂತೆ. ಗಂಟು ಹಾಕ್ದೆ. ಹಾಂ, ಮತ್ತೆ ಶುರು! ನಮ್ಮಪ್ಪನ ಮಗ್ಗ ಕಣೋ ಇದು. ತೊಟ್ಟಿಲಲ್ಲಿ ನೀನು ನಿದ್ದೆ ಮಾಡ್ತಿದ್ದಿದ್ದು ಈ ಶಬ್ದಕ್ಕೇನೇ.

ಹಿಂದೆ ಏನದು? ಟಕಟಕ ಅಂತ... ಪಕ್ಕದ ಎಣ್ಣೆ ಮಿಲ್ಲಿಂದಾ? ಹೊರಗಿನ ಶಬ್ದ ಒಳಗೆ ಬರ್ತೈತೆ ನೋಡು, ನಿನ್ನ ಮೊಟ್ಟೆ ಟ್ರೇ ಏನೂ ಪ್ರಯೋಜನ ಇಲ್ಲ! ಇರು, ಇದನ್ನ ತೆಗೆದು ನೋಡ್ತೀನಿ...

ಇಲ್ಲ. ಇಲ್ಲೇನೂ ಕೇಳಲ್ಲ.

ಹೌದಲ್ಲ... ಅಮಾಸೆ. ಮಿಲ್ಲಿಗೂ ರಜ.

ಕೊಡು ಇನ್ನೊಂದ್ಸಲ. ...ಒಂದೇ ಸಮ ಓಡ್ತೈತೆ. ಎಳೆ ಹರಿದು ನಾನು ನಿಂತಾಗಲೂ ಓಡ್ತೈತೆ.

ನನಗೆ ಕೇಳಿಸಲೇ ಇಲ್ಲ ರವಿತೇಜ. ತಾಯಿ ಆಣೆ. ಆವತ್ತು ಕದ ಹಾಕ್ಕೊಂಡು ಕೂತಾಗ ಮನೆ ನಿಶ್ಶಬ್ದ ಐತೆ ಅಂತಲೇ ಅನ್ಕೊಂಡಿದ್ದೆ. ಶೆಡ್ಡಿಂದ ದಿನಾ ಬೆಳಗಿಂದ ಬೈಗಿನವರೆಗೂ ಕೇಳಿ ಕೇಳಿ, ಕಿವಿಗೆ ಅದು ಶಬ್ದ ಅಂತಲೇ...

ಅದೊಂದನ್ನ ಬೇರೆ ಮಾಡೋಕಾಗುತ್ತಾ? ಕಂಪ್ಯೂಟರ್ ಐತಲ್ಲ ನಿನ್ನ ಹತ್ರ? ಆ ಟಕಟಕ ಕಿತ್ತರೆ ನನ್ನ ಲಾಳಿ ಶಬ್ದಾನೂ ಹೋಗುತ್ತಾ?

ಒರೇಯ್, ಬೈಯೋದಾದ್ರೂ ಬೈಯಿ, ಹಾಡಲ್ಲಿ ಬೈತೀಯಲ್ಲ ಊರೋರನ್ನೆಲ್ಲ, ಹಾಗೆ. ಯಾವಾಗ ಗೊತ್ತಾಯ್ತು ನಿನಗೆ? ಗೊತ್ತಿದ್ದೂ ಆ ಸಾಲು ಹಾಗೇ ಇಟ್ಟೆಯಾ? ನಿಮ್ಮವ್ವ ಕೇಳಿದ್ಲಾ ಇದನ್ನ? ...ಕೇಳಿದ್ಲಾ?

ತಲೆ ಎತ್ತೋ.

ತಡಿ... ಇದು ನನ್ನ ದನಿ ಅಲ್ವಾ? ನೇಯ್ದು ಮುಗಿಸಿ, ಮಗ್ಗ ಮುಟ್ಟಿ ಕಣ್ಣಿಗೆ ಒತ್ಕೊಂಡು, 'ತಾಯೀ, ಎಲ್ಲ ನೀನು ಕೊಟ್ಟ ಕೈ' ಅಂದಿದ್ದು. ಇದೂ ಹಾಡಲ್ಲಿ ಐತಾ... ಕೊನೇಲಿ ಇದನ್ನೇ ಇಟ್ಟಿದೀಯಾ. ಇಲ್ಲಿ ನಾನು ಎದ್ದೆ. ಕದ ತೆಗೆದೆ. ನನ್ನ ಮಗ್ಗ ನಿಂತೈತೆ.

ಅದು ನಿಂತಿಲ್ಲ.