ಸಭೆಗೆ ಬಾರದ ಮೇವಿಸ್

ಅಧ್ಯಕ್ಷರಾದ ಡೆನ್ಜಿಲ್ ಕ್ರಾಬ್‌ಟ್ರೀ ಅವರೇ, ವಸತಿ ಸಂಘದ ಅಧಿಕಾರಿಗಳೇ, ಬಾಡಿಗೆದಾರ ಬಂಧುಗಳೇ, ಬಿಸ್ಕತ್ತಿನ ಮೇಜಿನ ಪಕ್ಕದಲ್ಲೇ ಕುರ್ಚಿ ಹಿಡಿದಿರುವ ಜಾಣ ಸಭಿಕರೇ,

ಹನ್ನೊಂದು ವರ್ಷ ಬಾಡಿಗೆದಾರರ ಸಮಿತಿಯಲ್ಲಿದ್ದ ಗ್ಲೆನಿಸ್ ಪಿಕರ್ಸ್‌ಗಿಲ್ ಎಂಬ ನನಗೆ ಇವತ್ತು ಬೀಳ್ಕೊಡುಗೆಯ ಹೂಗುಚ್ಛ ಕೊಟ್ಟಿದ್ದೀರಿ. ಸಮಿತಿಗೆ ಬರುವ ಮೊದಲು ನಾನು ಈ ಗ್ರಿಮ್ಸ್‌ಬಿ ಊರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದೆ. ಬಟಾಣಿ ಬೇಡವೆಂದು ಅಳುವ ಮಗುವಿನ ತಟ್ಟೆಗೂ ಬಟಾಣಿ ಹಾಕಿದವಳು ನಾನು. ಬೇರೆಯವರಿಗೆ ಏನು ಬೇಕೆಂದು ನನಗೇ ಗೊತ್ತು ಎಂಬ ಹಮ್ಮು ಅಲ್ಲಿಂದಲೇ ಬಂದಿರಬೇಕು.

ರಿಪೇರಿಗೆ ಹೊಸ ಫೋನ್ ವ್ಯವಸ್ಥೆ ತಂದದ್ದು ನೆನಪಿದೆಯೇ? ಹೀಟರ್ ಕೆಟ್ಟರೆ ಒಂದು ಒತ್ತಿ, ನಲ್ಲಿ ಸೋರಿದರೆ ಎರಡು ಒತ್ತಿ. ಪರೀಕ್ಷಿಸಿ ನೋಡಿ ಎಂದು ಸಂಘ ಸಮಿತಿಯನ್ನು ಕೇಳಿತು. ನಾನು ಒತ್ತಿದೆ, ಕೆಲಸ ಮಾಡಿತು, ಒಪ್ಪಿಗೆಯೆಂದು ಸಭೆಯಲ್ಲಿ ಕೈ ಎತ್ತಿದೆ. ಸುದ್ದಿಪತ್ರದಲ್ಲಿ ನನ್ನ ಫೋಟೋ ಬಂತು. ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿಕೊಂಡಿದ್ದೆ.

ನನ್ನ ಮೇಲಿನ ಮನೆಯಲ್ಲಿ ಮೇವಿಸ್ ಥರ್ಕೆಲ್ ಇದ್ದಳು. ಎಂಬತ್ತೊಂದು ವರ್ಷ, ಕಿವಿ ಮಂದ, ಮಂಡಿ ನೋವು. ಒಂದು ದಿನ ಅಂದಳು: "ಗ್ಲೆನಿಸ್, ನಿನ್ನ ಫೋನಲ್ಲಿ ಮನುಷ್ಯರೇ ಇಲ್ವಲ್ಲೇ! ಏನೋ ಗೊಣಗುಟ್ಟುತ್ತೆ, ಆಮೇಲೆ ಪಿಟೀಲು ಬಾರಿಸುತ್ತೆ."

ನನಗೆ ಚುರ್ರೆಂದಿತು. "ಮನೇಲಿ ಕೂತು ಕೊಂಕು ತೆಗೀಬೇಡ ಮಾರಾಯ್ತಿ. ಸಭೆಗೆ ಬಂದು ಹೇಳು," ಅಂದೆ.

"ಮೂರು ಮಹಡಿ ಇಳಿಯೋಕೆ ನಿನ್ನ ಮಂಡಿ ಕೊಡ್ತೀಯಾ?" ಎಂದು ನಕ್ಕಳು. ನಾನು ನಗಲಿಲ್ಲ. ಆಮೇಲೆ ಮೇಲೆ ಹತ್ತಲೂ ಇಲ್ಲ. ನನ್ನ ಬಾಗಿಲಿನಿಂದ ಅವಳ ಬಾಗಿಲಿಗೆ ಎಷ್ಟು ಮೆಟ್ಟಿಲು ಗೊತ್ತೇ? ಹದಿನಾರು.

ಜನವರಿಯಲ್ಲಿ ಅವಳ ಹೀಟರ್ ಕೆಟ್ಟಿತು. ಫೋನಿನ ಮಾತು ಕೇಳಿಸದೆ, ದೂರು ಕೊಡಲಾಗದೆ, ಒಂಬತ್ತು ದಿನ ಕೋಟು ಹಾಕಿಕೊಂಡೇ ಇದ್ದಳಂತೆ. ಹತ್ತನೆಯ ದಿನ ಲಿಂಕನ್ ಊರಿನಿಂದ ಮಗಳು ಹಿಲರಿ ಬಂದು ಆಸ್ಪತ್ರೆಗೆ ಸೇರಿಸಿದಳು. ನ್ಯುಮೋನಿಯಾ. ಅಲ್ಲಿಂದ ಮೇವಿಸ್ ಮನೆಗೆ ಬರಲಿಲ್ಲ.

ಶವಸಂಸ್ಕಾರದ ದಿನ ಹಿಲರಿ ನನ್ನ ಕೈ ಹಿಡಿದು ಅಂದಳು: "ಕೆಳಗಿನ ಗ್ಲೆನಿಸ್‌ಗಾದ್ರೂ ಹೇಳಬಾರದಾಗಿತ್ತೇನಮ್ಮ ಅಂತ ಆಸ್ಪತ್ರೇಲಿ ಅಮ್ಮನ್ನ ಕೇಳಿದೆ ಆಂಟಿ. 'ಬೇಡ ಕಣೆ, ಆ ಫೋನು ಅವಳು ಕಷ್ಟಪಟ್ಟು ತಂದಿದ್ದು. ಕೆಟ್ಟದ್ದು ಅಂದ್ರೆ ನೊಂದ್ಕೋತಾಳೆ' ಅಂದ್ಲು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಸಭಿಕರೇ.

ಅಂದಿನಿಂದ ಸಮಿತಿಯವರೆಲ್ಲ ಮನೆಮನೆಗೆ ಹೋದೆವು. ಅಡುಗೆಮನೆಯಲ್ಲಿ ಕೂತು, ಚಹಾ ಕುಡಿದು, ಬಾಯಿ ಮುಚ್ಚಿಕೊಂಡು ಕೇಳಿದೆವು. ನಮ್ಮ ಕಟ್ಟಡಗಳಲ್ಲಿ ಕಿವಿ ಕೇಳದವರೇ ಇಪ್ಪತ್ತಾರು ಜನ! ಸಂಘದವರೊಂದಿಗೆ ಎಂಟು ತಿಂಗಳು ಜಗಳವಾಡಿದ ಮೇಲೆ ಫೋನಿಗೆ ಮನುಷ್ಯರು ಬಂದರು. ಚಳಿಗಾಲದಲ್ಲಿ ಪ್ರತಿ ವಾರ ವಯಸ್ಸಾದವರ ಬಾಗಿಲು ತಟ್ಟುವ ಪದ್ಧತಿಯೂ ಬಂತು. ಒಳ್ಳೆಯದೇ. ಆದರೆ ಮೇವಿಸ್ ಹೇಳಿದ ದಿನವೇ ನಾನು ಕಾಗದಕ್ಕೆ ಬರೆದುಕೊಂಡಿದ್ದರೆ?

ನನ್ನ ಜಾಗಕ್ಕೆ ಇವತ್ತು ರುಖ್ಸಾನಾ ಬರುತ್ತಾಳೆ. ಬಾಡಿಗೆದಾರಳಾಗಿ ಬಂದ ಮೊದಲ ಸಭೆಯಲ್ಲೇ ಆರು ತಕರಾರು ತೆಗೆದವಳು. ಅಧ್ಯಕ್ಷರೇ, ದಯವಿಟ್ಟು ಅವಳನ್ನು ಸುಮ್ಮನಾಗಿಸಬೇಡಿ. ಸಮಿತಿಯಲ್ಲಿ ನಾನು ತಕರಾರಿಲ್ಲದೆ ತುಂಬ ಸಲ ಕೈ ಎತ್ತಿದ್ದೇನೆ.

ಈ ಹೂವನ್ನು ಸಭೆ ಮುಗಿದ ಮೇಲೆ ಸ್ಮಶಾನಕ್ಕೆ ಒಯ್ಯುತ್ತೇನೆ, ತಪ್ಪು ತಿಳಿಯಬೇಡಿ. ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮಗೆಲ್ಲ ನನ್ನ ಕೃತಜ್ಞತೆ. ನಮಸ್ಕಾರ.