ಬೆಲ್ಲಿಯ ಕೆಟ್ಟ ಗುಣಗಳು

ಹಾಂ, ಆ ಗಿಡ್ಡಿ ವಿಷಯಕ್ಕೆ ಬಂದೆ, ನಮ್ಮ ಬೆಲ್ಲಿ, ಬೆಲ್ಲದ ಬಣ್ಣ ಅಂತ ಬೆಲ್ಲಿ, ಹಸು ಅಂದ್ರೆ ನೀವು ಆನೆ ಗಾತ್ರದ್ದು ಅಂದ್ಕೋಬೇಡ್ರೋ, ನನ್ನ ಸೊಂಟಕ್ಕಿಂತ ಒಂಚೂರು ಎತ್ತರ, ರಾಜಾಜಿನಗರದ ನಮ್ಮ ವಠಾರದ ಹಿಂದಿನ ಶೀಟ್ ಕೊಟ್ಟಿಗೆಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದ್ಲು. ಎಪ್ಪತ್ತರ ದಶಕ, ನಮ್ಮಪ್ಪನ ಕಾರ್ಖಾನೆ ಬಾಗಿಲು ಹಾಕಿತ್ತು, ರೇಷನ್ ಅಂಗಡೀಲಿ ಸಕ್ಕರೆ ಇದ್ರೆ ಸೀಮೆಎಣ್ಣೆ ಇಲ್ಲ, ಸೀಮೆಎಣ್ಣೆ ಇದ್ರೆ ಸಕ್ಕರೆ ಇಲ್ಲ, ಎರಡೂ ಬಂದ ದಿನ ನಮ್ಮ ಕೈಲಿ ಕಾಸಿಲ್ಲ. ಆವಾಗ ನಮ್ಮನ್ನ ಸಾಕಿದ್ದು ಈ ಗಿಡ್ಡಿ ಕಣ್ರೋ. ಬೆಳಗಿನ ಹಾಲು ಅಕ್ಕಪಕ್ಕದ ಮನೆಗೆ, ಅದರಲ್ಲಿ ಅಕ್ಕಿ ಬರೋದು, ಸಂಜೆ ಹಾಲು ನಮಗೆ, ಸಗಣಿ ಬೆರಣಿಯಾಗಿ ಒಲೆಗೆ. ಮನೇಲಿ ಯಾವುದಕ್ಕೂ ಉಪಯೋಗ ಇಲ್ದೋನು ಅಂದ್ರೆ ನಾನೊಬ್ಬನೇ. ಎಂಟನೇ ಕ್ಲಾಸಿಗೇ ಸ್ಕೂಲಿಗೆ ದೊಡ್ಡ ನಮಸ್ಕಾರ ಹೊಡೆದು ಬೀದೀಲಿ ಮಂಗನಾಟ ಆಡ್ಕೊಂಡಿದ್ದೆ. 'ಹಸು ಸಗಣಿಯಾದ್ರೂ ಹಾಕತ್ತೆ, ನೀನೇನೋ ಮಾಡ್ತೀಯ?' ಅನ್ನೋರು ನಮ್ಮಪ್ಪ. 'ನಾನೂ ಹಾಕ್ತೀನಿ, ತಟ್ಟೋರು ಯಾರು?' ಅಂತ ಹೇಳಿ ಓಡೋನು ನಾನು.

ಆಮೇಲೆ ದೇವರು ಕಣ್ಣು ಬಿಟ್ಟ, ಅಪ್ಪಂಗೆ ಇನ್ನೊಂದು ಕಾರ್ಖಾನೇಲಿ ಕೆಲಸ ಸಿಕ್ತು, ಜೊತೆಗೆ ಕ್ವಾರ್ಟ್ರಸ್ಸು, ಅದೂ ಮೊದಲನೇ ಮಹಡಿ, ಅಲ್ಲ ಅಲ್ಲ, ಎರಡನೇದು. ಎರಡನೇ ಮಹಡಿಗೆ ಹಸು ಹತ್ತಿಸಕ್ಕಾಗತ್ತಾ? ನಾನು ಹತ್ತಿಸ್ತೀನಿ ಅಂದೆ, ಬೆನ್ನಿಗೆ ಬಿತ್ತು. ಸರಿ, ಮನೆ ಖಾಲಿ ಮಾಡೋದ್ರೊಳಗೆ ಬೆಲ್ಲಿಗೆ ಒಂದು ಜಾಗ ನೋಡ್ಬೇಕು. ಅವಳಿಗೊಂದು ಹೋರಿಕರು ಬೇರೆ ಇತ್ತು, ಇನ್ನೂ ಹಾಲು ಕುಡಿಯೋದು. ಪೇಟೇಲಿ ಹೋರಿಕರು ಯಾರಿಗೆ ಬೇಕು ಹೇಳಿ? ಆದ್ರೆ ನಮ್ಮಮ್ಮಂದು ಒಂದೇ ಹಟ, 'ಉಪವಾಸ ಬೀಳದ ಹಾಗೆ ನೋಡ್ಕೊಂಡವಳು, ತಾಯಿ ಮಗು ಜೊತೇಲೇ ಹೋಗ್ಬೇಕು' ಅಂತ.

ಮೊದಲು ಬಂದೋನು ಬಾಪೂಜಿ ನಗರದ ಒಬ್ಬ ಹಾಲಿನೋನು. ಹಲ್ಲು ನೋಡ್ದ, ಕೆಚ್ಚಲು ಹಿಂಡಿ ನೋಡ್ದ, ಬಾಲ ಎತ್ತಿ ಕೂಡ ನೋಡ್ದ, ಮುಖ ಒಂದು ನೋಡ್ಲಿಲ್ಲ ನೋಡಿ. 'ಸ್ವಾಮಿ, ಹಸು ಸಾಕು, ಕರು ನೀವೇ ಇಟ್ಕೊಳಿ' ಅಂದ. ಅಮ್ಮ 'ಕರು ಇಲ್ದೆ ಸೊರ ಬಿಡಲ್ವಲ್ಲಪ್ಪಾ, ಹಾಲು ಹೆಂಗೆ ಕರೀತೀಯ?' ಅಂದ್ರು. ಅವನು ನಕ್ಕೊಂಡು, 'ನಮ್ಮ ಹತ್ರ ಹುಲ್ಲು ತುಂಬಿದ ಕರು ಇದೆ ತಾಯಿ, ಚರ್ಮ ನಿಜದ್ದೇ, ಮುಂದೆ ನಿಲ್ಸಿದ್ರೆ ನೆಕ್ಕತ್ತೆ, ಹಾಲು ಬಿಡತ್ತೆ' ಅಂದ. ಅಮ್ಮನ ಮುಖ ಇಷ್ಟಾಯ್ತು. ಅಪ್ಪ ಗಡ್ಡ ಕೆರ್ಕೊಂಡು ಲೆಕ್ಕ ಹಾಕ್ತಾ ನಿಂತ್ರು, ಎಲ್ಲಿ ಹೂಂ ಅಂದುಬಿಡ್ತಾರೋ ಅನ್ನಿಸ್ತು ನಂಗೆ. ನೋಡಿ, ಆವಾಗ ನನ್ನ ನಾಲಿಗೆ ತಾನೇ ಎದ್ದು ನಿಂತ್ಕೊಳ್ತು. 'ಅಣ್ಣಾ, ಹಗ್ಗ ಗಟ್ಟಿ ಇರೋದು ತನ್ನಿ, ಅಮಾವಾಸ್ಯೆ ಬಂದ್ರೆ ಗಂಡಸರನ್ನ ಕಂಡ್ರೆ ಹಾಯ್ತಾಳೆ. ಹೋದ ಸಲ ಪೋಸ್ಟ್‌ಮ್ಯಾನು ಗೋಡೆ ಹತ್ತಿ ಕಾಗದ ಕೊಟ್ಟ!' ಅಂದೆ. ಬೆಲ್ಲಿನೂ ಪುಣ್ಯಾತ್ಗಿತ್ತಿ, ಆ ಹೊತ್ತಿಗೇ ನೊಣಕ್ಕೆ ತಲೆ ಝಾಡಿಸಿದ್ಲು. ಆಸಾಮಿ ಚಪ್ಪಲಿ ಹಾಕ್ಕೊಳ್ಳೋದನ್ನೂ ಮರೆತು, ಕೈಲಿ ಹಿಡ್ಕೊಂಡು ಹೋದ.

ಹಿಂಗೇ ಇನ್ನೂ ಒಂದಿಬ್ಬರು ಬಂದ್ರು. ಯಾರು ಕರು ಬೇಡ ಅಂದ್ರೋ ಅವರಿಗೊಂದು ಹೊಸ ರೋಗ, ಹೊಸ ಗುಣ ಹೇಳ್ದೆ. ತಂತಿ ಮೇಲಿನ ಬಟ್ಟೆ ತಿಂತಾಳೆ, ಹಾಡು ಹೇಳದಿದ್ರೆ ಹಾಲು ಬಿಡಲ್ಲ. ಕೊನೆಗೆ ಅಪ್ಪ ರೇಗಿ ನನ್ನ ಕಿವಿ ಹಿಡಿದು, 'ಲೋ, ನಾಳಿದ್ದು ಬೀಗ ಕೊಡ್ಬೇಕು ಕಣೋ! ಇನ್ನು ಯಾರೇ ಬಂದು ಕೇಳ್ಲಿ, ಹಗ್ಗ ಕೈಗೆ ಕೊಟ್ಟುಬಿಡ್ತೀನಿ, ಕರು ಬಿಟ್ಟಾದ್ರೂ ಸರಿ' ಅಂದ್ರು. ಹಾಗಂದ ಮೇಲೆ ಅವರೂ ಊಟ ಮಾಡ್ಲಿಲ್ಲ, ಪಾಪ.

ಮಾರನೇ ದಿನ ಬಂದೋರು ಗೌರಮ್ಮ ಅಂತ, ಬ್ಯಾಡರಹಳ್ಳಿಯೋರು. ಆವಾಗ ಅದೆಲ್ಲ ಹೊಲ ಕಣ್ರೋ, ಮಾಗಡಿ ರಸ್ತೇಲಿ ನಡ್ಕೊಂಡೇ ಬಂದಿದ್ರು, ಹೆಗಲ ಮೇಲೆ ಹೊಸ ಹಗ್ಗ. ಹಲ್ಲು ನೋಡ್ಲಿಲ್ಲ, ಕೆಚ್ಚಲು ಮುಟ್ಲಿಲ್ಲ. ಸೀದಾ ನನ್ನ ಕಡೆ ತಿರುಗಿ, 'ಮೇಯ್ಸೋನು ನೀನೇ ತಾನೆ? ಒಳ್ಳೇದು ಎಲ್ಲಾರೂ ಹೇಳ್ತಾರೆ. ಕೆಟ್ಟ ಬುದ್ಧಿ ಏನೈತೆ ಹೇಳು' ಅಂದ್ರು. ಅಪ್ಪ ಹಿಂದಿನಿಂದ ಕಣ್ಣು ಕೆಂಪು ಮಾಡ್ತಾ ಇದಾರೆ. ನಾನು ಬಿಡ್ತೀನಾ? ಇವರೂ ಕರು ಬೇಡ ಅನ್ನೋರೇ ಅಂದ್ಕೊಂಡು ಎಲ್ಲ ಸುರಿದುಬಿಟ್ಟೆ.

'ಬಟ್ಟೆ ತಿಂತಾಳೆ ಆಂಟಿ.'

'ನಮ್ಮತ್ತೆ ತಲೆ ತಿಂತಾರೆ. ಅವರನ್ನ ಮಡಿಕ್ಕೊಂಡಿಲ್ವಾ?'

'ಅಮಾವಾಸ್ಯೆಗೆ ಗಂಡಸರನ್ನ ಹಾಯ್ತಾಳೆ.'

'ಹಾಯ್ಲಿ ಬಿಡು, ಒಬ್ಬರಾದ್ರೂ ಹಾಯೋರು ಬೇಕು.'

'ಹಾಡಿದ್ರೇನೇ ಹಾಲು ಬಿಡೋದು!'

'ನಂಗೆ ಹಾಡು ಬರಾಕಿಲ್ಲ ಮಗಾ, ಬೈಯಕ್ಕೆ ಬತ್ತದೆ. ಬೈದ್ರೆ ಬಿಡ್ತಾಳಾ?'

ನನ್ನ ಜೋಳಿಗೆ ಖಾಲಿ. ಉಳಿದಿದ್ದು ಒಂದೇ, ಅದು ನಿಜ. 'ಕರು ಬಿಟ್ಟು ಇರಲ್ಲ' ಅಂದೆ. ಗೌರಮ್ಮ ಕರು ಕಡೆ ನೋಡಿ, 'ಬಿಟ್ಟು ಹೋಗಕ್ಕೆ ನಾನೇನು ಇಷ್ಟು ದೂರ ನಡ್ಕೊಂಡು ಬಂದ್ನಾ? ಎರಡು ವರ್ಷ ಮೇಯ್ಸಿದ್ರೆ ಗಾಡಿ ಎಳೀತಾನೆ ಕೋಡಂಗಿ' ಅಂದ್ರು. ಕೋಡಂಗಿ ಅಂದಿದ್ದು ಕರುಗೋ ನಂಗೋ, ಇವತ್ತಿಗೂ ಗೊತ್ತಿಲ್ಲ.

ಅಪ್ಪ ಚೌಕಾಸಿ ಮಾಡೋದೇ ಮರೆತ್ರು. ಕೊಟ್ಟ ಹಸುವಿನ ಜೊತೆ ಹಳೇ ಹಗ್ಗ ಕೊಡಬಾರದು ಅಂತಾರಲ್ಲ, ನಮ್ಮ ಹಗ್ಗ ಬಿಚ್ಚಿಟ್ಕೊಂಡ್ರು, ಗೌರಮ್ಮ ತಮ್ಮದು ಹಾಕಿದ್ರು. ಅಮ್ಮ ಬೆಲ್ಲಿ ಹಣೆಗೆ ವಿಭೂತಿ ಕುಂಕುಮ ಇಟ್ಟು, ಮಗಳನ್ನ ಕಳಿಸೋ ಹಾಗೆ ಗೌರಮ್ಮನ ಮಡಿಲಿಗೆ ಅಕ್ಕಿ ಬೆಲ್ಲ ಹಾಕಿದ್ರು. ಗೇಟ್ ಹತ್ರ ಬೆಲ್ಲಿ ನಿಂತುಬಿಟ್ಲು, ಜಪ್ಪಯ್ಯ ಅಂದ್ರೂ ಕದಲಲ್ಲ. ನಾನು ಕರು ಎತ್ಕೊಂಡು ಮುಂದೆ ನಡೆದೆ, ಹಿಂದೆ ಬಂದ್ಲು, ಬ್ಯಾಡರಹಳ್ಳಿ ತನಕ ಹಾಗೇ ಹೋದ್ವಿ, ಎತ್ಕೊಂಡು ಇಳಿಸ್ಕೊಂಡು, ಎತ್ಕೊಂಡು ಇಳಿಸ್ಕೊಂಡು. ಕೊಟ್ಟಿಗೇಲಿ ಹಸಿ ಹುಲ್ಲು ಹಾಕಿ ಕಾಯ್ತಾ ಕೂತಿದ್ರು ಆ ಅತ್ತೆ, ತಲೆ ತಿನ್ನೋ ಅತ್ತೆ! ಬೆಲ್ಲಿ ಒಂದು ಬಾಯಿ ಹಾಕಿದ್ಲು, ನಾನು ವಾಪಸ್ ಬಂದೆ. ಆ ಮನೆ ತಣ್ಣಗಿರ್ಲಿ, ಇವತ್ತಿಗೂ ಊಟಕ್ಕೆ ಕೂತಾಗ ನೆನೆಸ್ಕೋತೀನಿ. ಅದಕ್ಕೇ ಹೇಳೋದು, ಹಸು ಕೊಡಿ, ಹೆಣ್ಣು ಕೊಡಿ, ಇರೋ ಕೆಟ್ಟದ್ದು ಇಲ್ದಿರೋ ಕೆಟ್ಟದ್ದು ಎಲ್ಲ ಮೊದಲೇ ಹೇಳಿಬಿಡಿ, ಅದನ್ನ ಕೇಳಿದ ಮೇಲೂ ಯಾರು ಎದ್ದು ಹೋಗಲ್ವೋ ಅವರಿಗೆ ಕೊಡಿ. ಏಳ್ರೋ ಮಕ್ಕಳಾ ಈಗ, ನಿಮ್ಮ ಲೋಟದ ಹಾಲು ಆರಿ ಕೆನೆ ಕಟ್ತಾ ಇದೆ.