ಗುಂಡಿ ತೋರಿಸದ ಕೈ

ಮೂಳೆ ಡಾಕ್ಟರ ಬಾಗಿಲಲ್ಲಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಸೈಕಲ್ ಕ್ಲಬ್ಬಿನ ಅಂಗಿ ತೊಟ್ಟ ಇಬ್ಬರು.

“ನಿಮ್ಮಾವ ಬಿದ್ದಿದ್ದೇ ನೆಪ ಆಯ್ತು. ಅರವತ್ತು ದಾಟಿದೋರು ಇನ್ನು ಗುಂಪಲ್ಲಿ ಸೈಕಲ್ ಹೊಡೆಯೋ ಹಾಗಿಲ್ಲ ಅಂತ ರೂಲ್ ಮಾಡಿಬಿಟ್ರು.”

“ವಯಸ್ಸಿಂದ ಬಿದ್ದಿದ್ದಲ್ಲ ಕಣೋ. ಗುಂಡಿ ಕಂಡ್ರೆ ಮುಂದಿದ್ದೋನು ಹಿಂದಿನೋರಿಗೆ ಕೈ ತೋರಿಸ್ಬೇಕು. ಮುಂದಿದ್ದೋನು ನಾನು.”

“ತೋರಿಸ್ಲಿಲ್ವಾ?”

“ಬೆವರು ಒರೆಸ್ಕೋತಿದ್ದೆ.”

“ಮೀಟಿಂಗಲ್ಲಿ ಹೇಳ್ಬೇಕಿತ್ತು.”

“ಎಲ್ರೂ ವಯಸ್ಸು ವಯಸ್ಸು ಅಂದ್ರು. ತೆಪ್ಪಗೆ ಕೂತೆ.”

ಬಾಗಿಲು ತೆರೆಯಿತು. ಕೈಗೆ ಹೊಸ ಪಟ್ಟಿ ಹಾಕಿಸಿಕೊಂಡು ಮಾವ ಹೊರಬಂದರು.

“ಯಾಕೆ ಅಳಿಯಂದ್ರೇ, ಮುಖ ಸಪ್ಪಗೆ? ನೀವು ಕೈ ತೋರಿಸೇ ಇರ್ತೀರಿ, ನನಗೇ ಕಾಣ್ಲಿಲ್ಲ. ಕ್ಲಬ್ಬಿನೋರಿಗೂ ಹಾಗೇ ಹೇಳಿದೀನಿ. ನನ್ನ ಸೈಕಲ್ ಇನ್ನು ನೀವೇ ಇಟ್ಕೊಳ್ಳಿ.”

ಅಳಿಯ ಮುಂದೆ ನಡೆದ. ಹೊರಬಾಗಿಲ ಹತ್ತಿರ ಕೈ ಚಾಚಿ ನೆಲ ತೋರಿಸಿದ.

“ಇಲ್ಲಿ ಮೆಟ್ಟಿಲಿದೆ, ಮಾವ.”